ಟೊರಾಂಟೋದಲ್ಲಿ ಕೂತು ಬಾಂಬೆ ಬರೆದ ಬ್ಯಾಂಕ್ ಕ್ಲರ್ಕ್: ರೋಹಿಂಟನ್ ಮಿಸ್ತ್ರಿ ಕೆನಡಾದ ಲೇಖಕ ಆಗಿದ್ದು ಹೇಗೆ?

ಕೆನಡಾದ ದೊಡ್ಡ ಕಾದಂಬರಿಕಾರರು ಯಾರ್ಯಾರು ಅಂತ ಕೇಳಿದ್ರೆ ಆ ಲಿಸ್ಟಲ್ಲಿ ಒಂದು ಪಾರ್ಸಿ ಹೆಸರು ಬಂದೇ ಬರುತ್ತೆ, ರೋಹಿಂಟನ್ ಮಿಸ್ತ್ರಿ. ಆದ್ರೆ ಇವರ ಮೊದಲ ಕಾದಂಬರಿ ತೆಗೆದು ನೋಡಿ, ಅದ್ರಲ್ಲಿ ಹಿಮ ಬೀಳಲ್ಲ, ಮೇಪಲ್ ಮರ ಇಲ್ಲ, ಇರೋದೆಲ್ಲ ಬೆಳಗಿನ ಜಾವ ಬಂದು ಸ್ವಲ್ಪ ಹೊತ್ತಿಗೆ ನಿಂತ್ಹೋಗೋ ನಲ್ಲಿ ನೀರು, ನೀರು ಬೆರೆಸೋ ಹಾಲಿನವನು, ಕಾಂಪೌಂಡ್ ಗೋಡೆ ಹತ್ರ ನಿಂತು ಉಚ್ಚೆ ಹೊಯ್ಯೋ ಜನ. ಅಪ್ಪಟ ಬಾಂಬೆ. ಒಬ್ಬ ಮನುಷ್ಯ 23ನೇ ವಯಸ್ಸಿಗೆ ಬಿಟ್ಟು ಬಂದ ಊರನ್ನ ಜೀವನಪೂರ್ತಿ ಇನ್ನೊಂದು ದೇಶದಲ್ಲಿ ಕೂತು ಬರೀತಾನೆ, ಆ ಇನ್ನೊಂದು ದೇಶ ಅವನನ್ನ "ನಮ್ಮವನು" ಅಂತ ಎತ್ಕೊಂಡು ಮೆರೆಸುತ್ತೆ. ಇದು ಹೇಗೆ ಸಾಧ್ಯ ಆಯ್ತು ಅನ್ನೋದೇ ನಂಗೆ ಅವರ ಪ್ರಶಸ್ತಿಗಳಿಗಿಂತ ಇಂಟ್ರೆಸ್ಟಿಂಗ್ ಅನ್ಸಿದ್ದು.

ಲೆಕ್ಕ ಮೊದಲು ಹೇಳ್ಬಿಡ್ತೀನಿ. ಮಿಸ್ತ್ರಿ ಪ್ರಕಟ ಮಾಡಿರೋ ಕಾದಂಬರಿ ಬರೀ ಮೂರು: 1991ರಲ್ಲಿ ಸಚ್ ಎ ಲಾಂಗ್ ಜರ್ನಿ, 1995ರಲ್ಲಿ ಎ ಫೈನ್ ಬ್ಯಾಲೆನ್ಸ್, 2002ರಲ್ಲಿ ಫ್ಯಾಮಿಲಿ ಮ್ಯಾಟರ್ಸ್. ಇದಕ್ಕೂ ಮುಂಚೆ 1987ರಲ್ಲಿ ಟೇಲ್ಸ್ ಫ್ರಮ್ ಫಿರೋಜ್‌ಶಾ ಬಾಗ್ ಅನ್ನೋ ಕಥಾಸಂಕಲನ. ಅಷ್ಟೇ ಅನ್ನಬಹುದು, ಆಮೇಲೆ ಬಂದ ದಿ ಸ್ಕ್ರೀಮ್ ಒಂದು ಚಿಕ್ಕ ಪುಸ್ತಕ. ಆದ್ರೆ ಆ ಮೂರಕ್ಕೆ ಮೂರೂ ಬುಕರ್ ಶಾರ್ಟ್‌ಲಿಸ್ಟಿಗೆ ಬಂದ್ವು. ವರ್ಷಕ್ಕೊಂದು ಕಾದಂಬರಿ ಬಿಸಾಕೋ ಲೇಖಕರು ಎಷ್ಟೋ ಜನ ಇದ್ದಾರೆ, ಬರೆದ ಪ್ರತಿಯೊಂದು ಕಾದಂಬರಿನೂ ಆ ಪಟ್ಟಿಗೆ ಹತ್ತಿಸಿದವರು ತೀರಾ ಕಮ್ಮಿ.

ಹುಟ್ಟಿದ್ದು 1952ರ ಜುಲೈ 3, ಬಾಂಬೆ. ಅಲ್ಲಿನ ಸೇಂಟ್ ಝೇವಿಯರ್ಸ್ ಕಾಲೇಜಲ್ಲಿ ಓದು, ಸಾಹಿತ್ಯ ಅಲ್ಲ, ಮ್ಯಾಥ್ಸು ಎಕನಾಮಿಕ್ಸು. ಮಧ್ಯೆ ಗಿಟಾರ್ ಹಿಡ್ಕೊಂಡು ಇಂಗ್ಲಿಷ್ ಫೋಕ್ ಹಾಡುಗಳನ್ನ ಹಾಡ್ತಿದ್ದ ಹುಡುಗ. ಮನೇಲಿ ಬರವಣಿಗೆಯ ಗಾಳಿ ಇತ್ತು ಅಂತ ಕಾಣುತ್ತೆ, ಯಾಕಂದ್ರೆ ತಮ್ಮ ಸೈರಸ್ ಮಿಸ್ತ್ರಿನೂ ನಾಟಕಕಾರ, ಕಾದಂಬರಿಕಾರ, ಪಾರ್ಸಿ ಶವ ಹೊರೋರ ಬಗ್ಗೆ ಬರೆದ ಕಾದಂಬರಿಗೆ 2014ರಲ್ಲಿ ದಕ್ಷಿಣ ಏಷ್ಯಾ ಸಾಹಿತ್ಯಕ್ಕೆ ಕೊಡೋ ಡಿಎಸ್‌ಸಿ ಪ್ರೈಜ್ ಬಂತು. (ಟಾಟಾ ಕಂಪನಿಯ ಸೈರಸ್ ಮಿಸ್ತ್ರಿ ಬೇರೆ, ಈ ಸೈರಸ್ ಬೇರೆ, ಕನ್ಫ್ಯೂಸ್ ಮಾಡ್ಕೋಬೇಡಿ.)

ಡಿಗ್ರಿ ಮುಗಿಸಿ 1975ರಲ್ಲಿ ಮಿಸ್ತ್ರಿ ಕೆನಡಾಗೆ ಹೊರಟರು. ಈಗ ನಮ್ಮ ಹುಡುಗ ಹುಡುಗಿಯರು ಟೊರಾಂಟೋ ಪಕ್ಕದ ಬ್ರಾಂಪ್ಟನ್ನಿಗೆ ಹೋಗೋದು ಬೆಂಗಳೂರಿಂದ ಮೈಸೂರಿಗೆ ಹೋದಷ್ಟು ಮಾಮೂಲಿ ಆಗಿದೆ, ಆದ್ರೆ ಆಗ ಆ ಬಾಗಿಲು ತೆಗೆದು ಬಹಳ ವರ್ಷ ಆಗಿರಲಿಲ್ಲ. 1914ರಲ್ಲಿ ಕೊಮಗಾಟ ಮಾರು ಅನ್ನೋ ಹಡಗಲ್ಲಿ ಬಂದಿದ್ದ 376 ಜನರಲ್ಲಿ, ಅವರಲ್ಲಿ ಹೆಚ್ಚಿನವರು ಸಿಖ್ಖರು, ಬೆರಳೆಣಿಕೆಯಷ್ಟು ಜನರನ್ನ ಬಿಟ್ಟು ಉಳಿದವರನ್ನೆಲ್ಲ ವ್ಯಾಂಕೂವರ್ ಬಂದರಿಂದಲೇ ವಾಪಸ್ ಕಳಿಸಿದ ದೇಶ ಅದು. 1960ರ ದಶಕದಲ್ಲಿ ಬಣ್ಣ ನೋಡಿ ಆರಿಸೋ ರೂಲ್ಸ್ ತೆಗೆದ್ರು, 1967ರಲ್ಲಿ ಪಾಯಿಂಟ್ ಸಿಸ್ಟಮ್ ಬಂತು, ಅಂದ್ರೆ ನಿಮ್ಮ ಓದು, ವಯಸ್ಸು, ಭಾಷೆ, ಕೆಲಸಕ್ಕೆ ಇಷ್ಟಿಷ್ಟು ಮಾರ್ಕ್ಸು, ಸಾಕಷ್ಟು ಬಂದ್ರೆ ಒಳಗೆ ಬನ್ನಿ. ಮುಂದೆ 1971ರಲ್ಲಿ ಪ್ರಧಾನಿ ಪಿಯರ್ ಟ್ರೂಡೊ ಬಹುಸಂಸ್ಕೃತಿ ನಮ್ಮ ಸರ್ಕಾರದ ಪಾಲಿಸಿ ಅಂತ ಘೋಷಣೆ ಮಾಡಿದ್ರು. ಇಂಗ್ಲಿಷ್ ಚೆನ್ನಾಗಿ ಬರೋ, ಡಿಗ್ರಿ ಇರೋ ಬಾಂಬೆಯ ಪಾರ್ಸಿ ಹುಡುಗನಿಗೆ ಈ ಪಾಯಿಂಟ್ ಲೆಕ್ಕ ಹೇಳಿ ಮಾಡಿಸಿದ ಹಾಗಿತ್ತು.

ಇಲ್ಲಿ ಪಾರ್ಸಿಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದ್ರೆ ಇವರ ಪುಸ್ತಕಗಳ ಒಳಗಿನ ನೋವು ಹಿಡಿಯೋದೇ ಇಲ್ಲ. 1941ರ ಸೆನ್ಸಸ್ಸಲ್ಲಿ ಭಾರತದಲ್ಲಿ ಪಾರ್ಸಿಗಳು 1,14,890. 2011ಕ್ಕೆ 57,264. ಇಡೀ ದೇಶದ ಜನಸಂಖ್ಯೆ ಮೂರು ಪಟ್ಟಿಗೂ ಮೇಲೆ ಏರಿದ ಕಾಲದಲ್ಲಿ ಇವರು ಅರ್ಧಕ್ಕೆ ಇಳಿದ್ರು. ಬ್ರಿಟಿಷರ ಕಾಲದಲ್ಲಿ ಬ್ಯಾಂಕು, ಹಡಗು, ಮಿಲ್ಲು, ಕೋರ್ಟು ಎಲ್ಲ ಕಡೆ ಮೇಲಿದ್ದ ಸಮುದಾಯ, ಸ್ವಾತಂತ್ರ್ಯ ಬಂದ್ಮೇಲೆ ನಿಧಾನಕ್ಕೆ ಪಕ್ಕಕ್ಕೆ ಸರೀತಾ ಬಂತು. ಆಸ್ತಿವಂತರು ಆಸ್ತಿವಂತರಾಗೇ ಉಳಿದ್ರು ಬಿಡಿ, ಆದ್ರೆ ಮಿಸ್ತ್ರಿ ಬರೆಯೋದು ಅವರ ಬಗ್ಗೆ ಅಲ್ಲ. ಟ್ರಸ್ಟಿನ ಹಳೇ ಬಿಲ್ಡಿಂಗಲ್ಲಿ ಎರಡು ರೂಮಿನ ಮನೆ, ಅಜ್ಜನ ಕಾಲದ ಕಪ್ಪು ಮರದ ಬೀರು, ತಿಂಗಳ ಕೊನೆಗೆ ಬೆಣ್ಣೆಗೆ ದುಡ್ಡಿಲ್ಲ, ಆದ್ರೂ ಟೇಬಲ್ ಮೇಲೆ ಮರ್ಯಾದೆ ಬಿಡಬಾರದು, ಇಂಥ ಪಾರ್ಸಿಗಳು ಅವರ ಜನ.

ಟೊರಾಂಟೋದಲ್ಲಿ ಸಿಕ್ಕಿದ್ದು ಬ್ಯಾಂಕ್ ಕೆಲಸ, ಕೆನಡಿಯನ್ ಇಂಪೀರಿಯಲ್ ಬ್ಯಾಂಕ್ ಆಫ್ ಕಾಮರ್ಸ್. ಹತ್ತು ವರ್ಷ ಅಲ್ಲೇ. ಹಗಲು ಬ್ಯಾಂಕು, ಸಂಜೆ ಟೊರಾಂಟೋ ಯೂನಿವರ್ಸಿಟಿಯಲ್ಲಿ ಇಂಗ್ಲಿಷು ಫಿಲಾಸಫಿ ಕ್ಲಾಸು, ಅಂದ್ರೆ ಸಾಹಿತ್ಯ ಓದಿದ್ದೇ ಮೂವತ್ತರ ಹತ್ತಿರ ಬಂದಾಗ. ಆ ಯೂನಿವರ್ಸಿಟಿಯ ಹಾರ್ಟ್ ಹೌಸ್ ಅನ್ನೋ ಕಡೆ ಒಂದು ಸಾಹಿತ್ಯ ಸ್ಪರ್ಧೆ ನಡೀತಿತ್ತು. 1983ರಲ್ಲಿ ಮಿಸ್ತ್ರಿ ಒಂದು ಕಥೆ ಬರೆದು ಕಳಿಸಿದ್ರು, ಫಸ್ಟ್ ಪ್ರೈಜು. ಮರುವರ್ಷ ಇನ್ನೊಂದು, ಮತ್ತೆ ಪ್ರೈಜು. ನಮ್ಮಲ್ಲಿ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆ ಗೆದ್ದು ಲೇಖಕರಾದವರು ಎಷ್ಟು ಜನ ಇಲ್ಲ, ಇದೂ ಹೆಚ್ಚು ಕಮ್ಮಿ ಅದೇ ದಾರಿ.

ಆದ್ರೆ ಅಲ್ಲಿಂದ ಮುಂದೆ ನಡೆದಿದ್ದು ಮಾತ್ರ ಕೆನಡಾದ್ದೇ ವಿಶೇಷ, ಸ್ವಲ್ಪ ಬಿಡಿಸಿ ಹೇಳ್ಬೇಕು. ಪಕ್ಕದಲ್ಲೇ ಅಮೆರಿಕ ಅನ್ನೋ ಆನೆ ಮಲಗಿದೆ, ಅಲ್ಲಿಂದ ಪುಸ್ತಕ, ಸಿನಿಮಾ, ಟೀವಿ ಎಲ್ಲ ಒಂದೇ ಭಾಷೆಯಲ್ಲಿ ಪ್ರವಾಹದ ಥರ ಬರುತ್ತೆ, ಸುಮ್ನೆ ಮಾರ್ಕೆಟ್ಟಿಗೆ ಬಿಟ್ರೆ ಕೆನಡಾಗೆ ತನ್ನದೇ ಸಾಹಿತ್ಯ ಅಂತ ಒಂದು ಉಳಿಯೋದು ಕಷ್ಟ. ಅದಕ್ಕೇ ಸರ್ಕಾರ 1957ರಲ್ಲಿ ಕೆನಡಾ ಕೌನ್ಸಿಲ್ ಅಂತ ಮಾಡಿ ಲೇಖಕರಿಗೆ, ಚಿಕ್ಕ ಪತ್ರಿಕೆಗಳಿಗೆ, ಪ್ರಕಾಶಕರಿಗೆ ನೇರ ದುಡ್ಡು ಕೊಡೋಕೆ ಶುರು ಮಾಡ್ತು. ಪಾಯಿಂಟ್ ಏನಂದ್ರೆ ಈ ಗ್ರಾಂಟು ಕೇಳೋಕೆ ನೀವು ಅಲ್ಲಿನ ಮೂಸ್ ಅನ್ನೋ ದೊಡ್ಡ ಜಿಂಕೆ ಬಗ್ಗೆ, ಹಿಮದ ಬಗ್ಗೆ ಬರೀಬೇಕು ಅಂತೇನಿಲ್ಲ. ಅಲ್ಲಿ ನೆಲೆಸಿದ್ರೆ ಸಾಕು, ಬರೆಯೋದು ಬಾಂಬೆ ನಲ್ಲಿ ಬಗ್ಗೆ ಆದ್ರೂ ನಡೆಯುತ್ತೆ. ಮಿಸ್ತ್ರಿ 1985ರಲ್ಲಿ ಬ್ಯಾಂಕ್ ಕೆಲಸ ಬಿಟ್ಟು ಪೂರ್ತಿ ಬರವಣಿಗೆಗೆ ಕೂತಿದ್ದು ಇಂಥ ಒಂದು ಗ್ರಾಂಟಿನ ಬಲದ ಮೇಲೆ. ಮನೇಲಿ ಹೆಂಡತಿ ಟೀಚರ್ ಕೆಲಸದಲ್ಲಿದ್ರು, ಲೇಖಕರ ಜೀವನಚರಿತ್ರೆಗಳಲ್ಲಿ ಈ ಒಂದು ಸಾಲು ಯಾವಾಗ್ಲೂ ಸಣ್ಣಕ್ಷರದಲ್ಲಿ ಇರುತ್ತೆ, ಅಸಲಿಗೆ ಅದನ್ನೇ ದಪ್ಪಕ್ಷರದಲ್ಲಿ ಹಾಕ್ಬೇಕು.

ಎರಡು ವರ್ಷಕ್ಕೆ ಬಂತು ಫಿರೋಜ್‌ಶಾ ಬಾಗ್, ಹನ್ನೊಂದು ಕಥೆ. ಬಾಗ್ ಅಂದ್ರೆ ಬಾಂಬೆಯಲ್ಲಿ ಪಾರ್ಸಿಗಳೇ ಇರೋ ವಠಾರ ಅಂದ್ಕೊಳ್ಳಿ. ಒಂದು ಕಥೆಯ ಪಾತ್ರ ಇನ್ನೊಂದು ಕಥೇಲಿ ಮೆಟ್ಟಿಲ ಹತ್ರ ಸಿಗುತ್ತೆ, ಇಡೀ ಬಿಲ್ಡಿಂಗಿಗೆ ಒಂದೇ ಫ್ರಿಜ್ ಇರೋರ ಮನೆ ಯಾವುದು ಅಂತ ನಿಮಗೇ ಗೊತ್ತಾಗಿಹೋಗುತ್ತೆ. ಇದ್ರಲ್ಲಿ ಸ್ಕ್ವಾಟರ್ ಅಂತ ಒಂದು ಕಥೆ, ನಾನು ಬಸ್ಸಲ್ಲಿ ಓದ್ತಾ ಒಬ್ಬನೇ ನಗಾಡಿ ಪಕ್ಕದವರ ಹತ್ರ ಗುರಾಯಿಸ್ಕೊಂಡಿದ್ದೆ. ಸರೋಷ್ ಅನ್ನೋನು ಕೆನಡಾಗೆ ಹೋಗೋ ಮುಂಚೆ ವಠಾರದವರ ಮುಂದೆ ಶಪಥ ಮಾಡ್ತಾನೆ, ಹತ್ತು ವರ್ಷದಲ್ಲಿ ಪೂರ್ತಿ ಕೆನಡಿಯನ್ ಆಗ್ದೇ ಇದ್ರೆ ವಾಪಸ್ ಬರ್ತೀನಿ ಅಂತ. ಹೆಸರು ಬದಲಾಯಿಸ್ಕೊಂಡು ಸಿಡ್ ಆಗ್ತಾನೆ, ಊಟ ಮಾತು ಬಟ್ಟೆ ಎಲ್ಲ ಬದಲಾಗುತ್ತೆ, ಒಂದು ಮಾತ್ರ ಆಗಲ್ಲ: ಕಮೋಡ್ ಮೇಲೆ ಕೂತ್ರೆ ಬರೋದೇ ಇಲ್ಲ, ಮೇಲೆ ಹತ್ತಿ ಕುಕ್ಕರಗಾಲಲ್ಲೇ ಕೂರ್ಬೇಕು. ಹತ್ತು ವರ್ಷ. ಡಾಕ್ಟರು, ಮೆಷಿನ್ನು, ಸರ್ಕಾರದ ಮಲ್ಟಿಕಲ್ಚರಲ್ ಡಿಪಾರ್ಟ್‌ಮೆಂಟ್ ಎಲ್ಲ ಈ ಸಮಸ್ಯೆಗೆ ತಲೆ ಕೆಡಿಸ್ಕೊಳ್ತಾರೆ. ಕೊನೆಗೆ ಸೋತು ವಾಪಸ್ ಬರೋಕೆ ವಿಮಾನ ಹತ್ತಿದಾಗ, ಗಡುವು ಮುಗಿದ್ಮೇಲೆ, ವಿಮಾನದ ಟಾಯ್ಲೆಟ್ಟಲ್ಲಿ ಆಗಬೇಕಾದ್ದು ಆಗುತ್ತೆ. ಹೊಟ್ಟೆ ಹುಣ್ಣಾಗೋ ಹಾಗೆ ನಗಿಸಿ, ವಲಸೆ ಹೋದವನ ಅವಮಾನವನ್ನ ಇಷ್ಟು ಸರಿಯಾಗಿ ಹೇಳಿದ ಕಥೆ ನಾನಂತೂ ಬೇರೆ ಓದಿಲ್ಲ. ತನಗೆ ಗ್ರಾಂಟ್ ಕೊಟ್ಟ ದೇಶದ ಬಹುಸಂಸ್ಕೃತಿಯ ಹೆಮ್ಮೆಯನ್ನ ಕಮೋಡಿನ ಮೇಲೆ ಕೂರಿಸಿ ತಮಾಷೆ ಮಾಡಿದ್ದು, ಆ ದೇಶ ಅದಕ್ಕೂ ನಕ್ಕಿದ್ದು, ಎರಡನ್ನೂ ಗಮನಿಸ್ಬೇಕು.

ಮೊದಲ ಕಾದಂಬರಿ ಸಚ್ ಎ ಲಾಂಗ್ ಜರ್ನಿಗೆ ಬರೋಣ. ಇದರ ಹಿಂದೆ ಒಂದು ನಿಜವಾದ ಕೇಸ್ ಇದೆ, ನಮ್ಮ ಹಿರಿಯರಿಗೆ ನೆನಪಿರಬಹುದು, ನಾಗರ್‌ವಾಲಾ ಕೇಸ್. 1971ರ ಮೇ 24, ದೆಹಲಿಯ ಪಾರ್ಲಿಮೆಂಟ್ ಸ್ಟ್ರೀಟಿನ ಸ್ಟೇಟ್ ಬ್ಯಾಂಕಿನ ಚೀಫ್ ಕ್ಯಾಷಿಯರಿಗೆ ಒಂದು ಫೋನ್ ಬರುತ್ತೆ. ಪ್ರಧಾನಿ ಇಂದಿರಾ ಗಾಂಧಿ ಮಾತಾಡ್ತಿರೋದು ಅಂತ ದನಿ, ಬಾಂಗ್ಲಾದೇಶದ ಗುಪ್ತ ಕೆಲಸಕ್ಕೆ 60 ಲಕ್ಷ ರೂಪಾಯಿ ಬೇಕು, ಇಂಥವನಿಗೆ ಕೊಡಿ. ಕ್ಯಾಷಿಯರ್ ಕೊಟ್ಟೇಬಿಟ್ಟ! ತಗೊಂಡವರು ರುಸ್ತುಂ ಸೊಹ್ರಾಬ್ ನಾಗರ್‌ವಾಲಾ, ಮಿಲಿಟರಿಯಲ್ಲಿ ಕ್ಯಾಪ್ಟನ್ ಆಗಿದ್ದ ಪಾರ್ಸಿ. ಕ್ಯಾಷಿಯರ್ ಆಮೇಲೆ ರಸೀದಿಗೆ ಅಂತ ಪ್ರಧಾನಿ ಮನೆಗೆ ಹೋದಾಗ ಅಲ್ಲಿ ಯಾರೂ ಫೋನೇ ಮಾಡಿಲ್ಲ ಅಂದ್ರು. ಅದೇ ದಿನ ನಾಗರ್‌ವಾಲಾ ಸಿಕ್ಕಿಬಿದ್ರು, ಮೂರ್ನಾಲ್ಕು ದಿನದೊಳಗೆ ವಿಚಾರಣೆ ಮುಗಿದು ಶಿಕ್ಷೆನೂ ಆಗಿಹೋಯ್ತು, ಅದ್ಯಾವ ಕೋರ್ಟ್ ನಮ್ಮಲ್ಲಿ ಅಷ್ಟು ಸ್ಪೀಡಾಗಿ ಕೆಲಸ ಮಾಡುತ್ತೋ ದೇವರಿಗೇ ಗೊತ್ತು. ಕೇಸ್ ತನಿಖೆ ಮಾಡ್ತಿದ್ದ ಪೊಲೀಸ್ ಅಧಿಕಾರಿ ಅದೇ ವರ್ಷ ಆಕ್ಸಿಡೆಂಟಲ್ಲಿ ಸತ್ರು, 1972ರ ಮಾರ್ಚಲ್ಲಿ ನಾಗರ್‌ವಾಲಾನೂ ಕಸ್ಟಡಿಯಲ್ಲೇ ತೀರ್ಕೊಂಡ್ರು, ಹಾರ್ಟ್ ಅಟ್ಯಾಕ್ ಅಂದ್ರು. ಮುಂದೆ ಜನತಾ ಸರ್ಕಾರ ರೆಡ್ಡಿ ಕಮಿಷನ್ ಕೂರಿಸಿದ್ರೂ ಆ ದುಡ್ಡು ಯಾರದ್ದು, ದನಿ ಯಾರದ್ದು ಅನ್ನೋದು ಬಗೆಹರೀಲಿಲ್ಲ.

ದೇಶಕ್ಕೆ ಅದು ಗಾಸಿಪ್ಪು, ಪಾರ್ಸಿಗಳಿಗೆ ಅದು ಮಾನದ ಪ್ರಶ್ನೆ. ಪ್ರಾಮಾಣಿಕರು ಅಂತ ಹೆಸರು ಮಾಡಿದ್ದ ಚಿಕ್ಕ ಸಮುದಾಯದ ಒಬ್ಬ ದೇಶದ ಅತಿ ದೊಡ್ಡ ವಂಚಕ ಅಂತ ಪೇಪರಲ್ಲಿ ಬಂದ್ರೆ ಹೇಗಿರುತ್ತೆ. ಮಿಸ್ತ್ರಿ ಆ ಕೇಸನ್ನ ನೇರ ಬರೀಲಿಲ್ಲ. ಗುಸ್ತಾದ್ ನೋಬಲ್ ಅನ್ನೋ ಒಬ್ಬ ಬ್ಯಾಂಕ್ ನೌಕರನನ್ನ ತಂದ್ರು, ಮಗ ಐಐಟಿಗೆ ಸೀಟು ಸಿಕ್ರೂ ಹೋಗಲ್ಲ ಅಂತಾನೆ, ಮಗಳಿಗೆ ಕಾಯಿಲೆ, ಯುದ್ಧದ ಬ್ಲ್ಯಾಕೌಟಿಗೆ ಅಂತ ಕಿಟಕಿಗೆ ಅಂಟಿಸಿದ ಕಪ್ಪು ಕಾಗದವನ್ನ ವರ್ಷಗಟ್ಟಲೆ ತೆಗೆದೇ ಇಲ್ಲ. ಇವನಿಗೆ ಹಳೇ ಗೆಳೆಯ ಮೇಜರ್ ಬಿಲಿಮೋರಿಯಾ ಒಂದು ಪಾರ್ಸೆಲ್ ಕಳಿಸ್ತಾನೆ, ಬಿಚ್ಚಿ ನೋಡಿದ್ರೆ ಹತ್ತು ಲಕ್ಷ ರೂಪಾಯಿ. ಬ್ಯಾಂಕಲ್ಲಿ ಹಾಕು, ದೇಶದ ಕೆಲಸ ಅಂತ ಸೂಚನೆ. ದೆಹಲಿಯ ದೊಡ್ಡ ಹಗರಣವನ್ನ ಅಡುಗೆಮನೆಯ ಡಬ್ಬದ ಪಕ್ಕ ಬಚ್ಚಿಟ್ಟ ನೋಟಿನ ಕಟ್ಟು ಮಾಡಿ ತೋರಿಸೋದು, ಇದೇ ಮಿಸ್ತ್ರಿಯ ಕಸುಬು. ಬ್ಯಾಂಕ್ ಕೌಂಟರ್ ಹಿಂದಿನ ಜೋಕುಗಳು, ಕ್ಯಾಂಟೀನ್ ರಾಜಕೀಯ ಎಲ್ಲ ಅಷ್ಟು ಜೀವಂತ ಬಂದಿದ್ದು ಹತ್ತು ವರ್ಷದ ಟೊರಾಂಟೋ ಬ್ಯಾಂಕ್ ಕೆಲಸದಿಂದ ಅಂತ ನನ್ನ ಅನುಮಾನ, ಅವರು ಹಾಗೆ ಎಲ್ಲೂ ಹೇಳಿದ್ದು ನಾನು ಓದಿಲ್ಲ.

ಆ ಕಾದಂಬರೀಲಿ ಒಂದು ಗೋಡೆ ಇದೆ. ಬಿಲ್ಡಿಂಗ್ ಕಾಂಪೌಂಡು, ಹೊರಗಿಂದ ಜನ ಬಂದು ಉಚ್ಚೆ ಹೊಯ್ದು ಹೊಯ್ದು ನಾತ, ಸೊಳ್ಳೆ. ಗುಸ್ತಾದ್ ಒಬ್ಬ ಫುಟ್‌ಪಾತ್ ಕಲಾವಿದನನ್ನ ಕರ್ಕೊಂಡು ಬಂದು ಗೋಡೆ ಮೇಲೆ ದೇವರ ಚಿತ್ರ ಬರೆಸ್ತಾನೆ, ಶಿವ, ಏಸು, ಪಾರ್ಸಿಗಳ ಪ್ರವಾದಿ ಝರತುಷ್ಟ್ರ, ಮಸೀದಿ, ಎಲ್ಲ ಧರ್ಮದ್ದೂ. ಮರುದಿನದಿಂದ ಉಚ್ಚೆ ಬಂದ್, ಅಗರಬತ್ತಿ ಶುರು, ಹೂವು, ಕಾಣಿಕೆ. ನಮ್ಮೂರಲ್ಲೂ ಮೆಟ್ಟಿಲು ಮೂಲೆಗೆ ದೇವರ ಟೈಲ್ಸ್ ಅಂಟಿಸ್ತಾರಲ್ಲ ಎಲೆ ಅಡಿಕೆ ಉಗೀದೇ ಇರ್ಲಿ ಅಂತ, ಅದೇ ಐಡಿಯಾ. ಕೊನೆಗೆ ರಸ್ತೆ ಅಗಲ ಮಾಡೋಕೆ ಮುನ್ಸಿಪಾಲ್ಟಿ ಬರುತ್ತೆ, ಆ ಗೋಡೆ ಉರುಳುತ್ತೆ. ದೇಶದ ಕಥೆನ ಒಂದು ಗೋಡೆಯಲ್ಲಿ ಹೇಳಿ ಮುಗಿಸಿದ್ರು, ಭಾಷಣ ಒಂದೂ ಇಲ್ಲ.

ಈ ಪುಸ್ತಕಕ್ಕೆ ಗವರ್ನರ್ ಜನರಲ್ಸ್ ಅವಾರ್ಡ್ ಬಂತು, ಅದು ಕೆನಡಾದ ಹಳೇ ಸರ್ಕಾರಿ ಸಾಹಿತ್ಯ ಪ್ರಶಸ್ತಿ, 1930ರ ದಶಕದಿಂದ ಕೊಡ್ತಾ ಬಂದಿದ್ದಾರೆ, ನಮ್ಮ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಇದ್ದ ಹಾಗೆ. ಕಾಮನ್‌ವೆಲ್ತ್ ಪ್ರೈಜೂ ಬಂತು. ಬುಕರ್ ಆ ವರ್ಷ ಬೆನ್ ಓಕ್ರಿಗೆ ಹೋಯ್ತು. 1998ರಲ್ಲಿ ರೋಶನ್ ಸೇಠ್ ಗುಸ್ತಾದ್ ಆಗಿ ಸಿನಿಮಾನೂ ಬಂತು.

ಎರಡನೇದು ಎ ಫೈನ್ ಬ್ಯಾಲೆನ್ಸ್, ಸುಮಾರು 600 ಪುಟ, ತುರ್ತು ಪರಿಸ್ಥಿತಿಯ ಕಾದಂಬರಿ. ಇಲ್ಲೊಂದು ವಿಚಿತ್ರ ನೋಡಿ, ಇಂದಿರಾ ಗಾಂಧಿ ಎಮರ್ಜೆನ್ಸಿ ಹೇರಿದ್ದು 1975ರ ಜೂನ್ 25ರ ರಾತ್ರಿ, ಮಿಸ್ತ್ರಿ ಕೆನಡಾ ಸೇರಿದ್ದೂ 1975ರಲ್ಲೇ. ಅಂದ್ರೆ 1977ರ ಮಾರ್ಚ್ ತನಕ ದೇಶ ಅನುಭವಿಸಿದ ಆ ಇಪ್ಪತ್ತೊಂದು ತಿಂಗಳಲ್ಲಿ ಹೆಚ್ಚಿನ ಕಾಲ ಇವರು ಟೊರಾಂಟೋದಲ್ಲಿ ಇದ್ರು. ಹೆಚ್ಚಾಗಿ ಕಣ್ಣಾರೆ ಕಾಣದ್ದನ್ನ, ಇಪ್ಪತ್ತು ವರ್ಷ ಬಿಟ್ಟು, ಎಲ್ಲರಿಗಿಂತ ವಿವರವಾಗಿ ಬರೆದ್ರು.

ಕಥೆ ಶುರುವಾಗೋದು ರೈಲಲ್ಲಿ. ಇಬ್ಬರು ದರ್ಜಿಗಳು, ದೊಡ್ಡಪ್ಪ ಈಶ್ವರ ಮತ್ತೆ ಅವನ ತಮ್ಮನ ಮಗ ಓಂಪ್ರಕಾಶ, ಜೊತೆಗೆ ಮಾನೆಕ್ ಅನ್ನೋ ಬೆಟ್ಟದ ಊರಿನ ಪಾರ್ಸಿ ಸ್ಟೂಡೆಂಟು, ಮೂವರೂ ಹೊರಟಿರೋದು ದೀನಾ ದಲಾಲ್ ಅನ್ನೋ ವಿಧವೆಯ ಮನೆಗೆ. ಆಕೆಗೆ ಅಣ್ಣನ ಹಂಗಲ್ಲಿ ಬದುಕೋದು ಬೇಡ, ಅದಕ್ಕೆ ಎಕ್ಸ್‌ಪೋರ್ಟ್ ಕಂಪನಿಗೆ ಬಟ್ಟೆ ಹೊಲಿಸಿಕೊಡೋ ಕೆಲಸ ಹಿಡಿದಿದ್ದಾಳೆ, ರೂಮೊಂದನ್ನ ಪೇಯಿಂಗ್ ಗೆಸ್ಟಿಗೆ ಕೊಟ್ಟಿದ್ದಾಳೆ. ದರ್ಜಿಗಳ ಮನೆತನದ ಮೂಲ ಕಸುಬು ಚರ್ಮದ್ದು, ಅಜ್ಜ ಜಾತಿಯ ಕಟ್ಟು ಮುರಿದು ಮಕ್ಕಳಿಗೆ ಹೊಲಿಗೆ ಕಲಿಸಿದ. ಓಂನ ಅಪ್ಪ ನಾರಾಯಣ, ಓಟಿನ ದಿನ ನನ್ನ ಓಟು ನಾನೇ ಹಾಕ್ತೀನಿ ಅಂತ ಹೋಗಿದ್ದಕ್ಕೆ ಊರ ಠಾಕೂರ ಮಾಡಿಸಿದ್ದು ಏನು ಅನ್ನೋದನ್ನ ನಾನು ಇಲ್ಲಿ ಬರೆಯಲ್ಲ, ಆ ಪುಟಗಳನ್ನ ನೀವೇ ಓದ್ಬೇಕು, ರಾತ್ರಿ ಹೊತ್ತು ಬೇಡ.

ಪ್ರಧಾನಿಯ ಹೆಸರು, ನಗರದ ಹೆಸರು ಎರಡನ್ನೂ ಮಿಸ್ತ್ರಿ ಹೇಳಲ್ಲ, ಸಮುದ್ರದ ಪಕ್ಕದ ನಗರ ಅಷ್ಟೇ. ಆದ್ರೆ ನಡೆಯೋದೆಲ್ಲ ನಿಜದ ಎಮರ್ಜೆನ್ಸಿ: ನಗರ ಸುಂದರೀಕರಣ ಅಂತ ಗುಡಿಸಲಿಗೆ ಬುಲ್ಡೋಜರು, ಪ್ರಧಾನಿ ರ‍್ಯಾಲಿಗೆ ಬಸ್ಸಲ್ಲಿ ತುಂಬ್ಕೊಂಡು ಹೋಗೋದು, ಫುಟ್‌ಪಾತಲ್ಲಿ ಮಲಗಿದ್ದವರನ್ನ ಲಾರಿಗೆ ಹಾಕಿ ಕೂಲಿ ಕ್ಯಾಂಪಿಗೆ, ಆಮೇಲೆ ಸಂತಾನಹರಣ ಆಪರೇಷನ್ನು. ಇದು ಕಥೆಗೆ ಅಂತ ಉಬ್ಬಿಸಿದ್ದು ಅಂದ್ಕೋಬೇಡಿ, 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮೇಲೆ ಸ್ಟೆರಿಲೈಸೇಷನ್ ಆಯ್ತು, ಟಾರ್ಗೆಟ್ ಮುಟ್ಟದ ಮೇಷ್ಟ್ರುಗಳಿಗೆ ಸಂಬಳ ನಿಲ್ಲಿಸಿದ್ರು. ಅಂಕಿ ಓದಿದಾಗ ಆಗದ್ದು ಆ ದರ್ಜಿಗಳ ಕಥೆ ಓದಿದಾಗ ಆಗುತ್ತೆ. ಯಾಕಂದ್ರೆ ಅಷ್ಟೊತ್ತಿಗೆ ಈಶ್ವರ ಚಪಾತಿ ಲಟ್ಟಿಸೋದು ನೋಡಿರ್ತೀವಿ, ಮೊದಮೊದಲು ಅವರ ಟೀ ಕಪ್ ಬೇರೆ ಇಡ್ತಿದ್ದ ದೀನಾ ಒಂದಿನ ಎಲ್ಲರ ಜೊತೆ ಒಂದೇ ಅಡುಗೆಮನೇಲಿ ಊಟ ಮಾಡೋದನ್ನ ನೋಡಿರ್ತೀವಿ, ಹೊಲಿದು ಉಳಿದ ತುಂಡು ಬಟ್ಟೆಗಳನ್ನ ಆಕೆ ಕೌದಿ ಥರ ಜೋಡಿಸ್ತಾ ಹೋಗೋದನ್ನ ನೋಡಿರ್ತೀವಿ. ಆ ಕೌದಿಯ ಒಂದೊಂದು ತುಂಡಿಗೂ ಒಂದೊಂದು ದಿನದ ನೆನಪು. ಕೊನೆ ಏನಾಗುತ್ತೆ ಅಂತ ಹೇಳಲ್ಲ, ಮುಗಿಸಿದ್ಮೇಲೆ ನಾನು ಎರಡು ದಿನ ಯಾರ ಹತ್ರನೂ ಸರಿಯಾಗಿ ಮಾತಾಡಿರಲಿಲ್ಲ.

ಕೆನಡಾದಲ್ಲಿ ಇದಕ್ಕೆ 1995ರ ಗಿಲ್ಲರ್ ಪ್ರೈಜ್ ಬಂತು. ಗಿಲ್ಲರ್ ಸರ್ಕಾರದ್ದಲ್ಲ, ಜಾಕ್ ರಾಬಿನೋವಿಚ್ ಅನ್ನೋ ಉದ್ಯಮಿ ತೀರ್ಕೊಂಡ ಹೆಂಡತಿ, ಪತ್ರಕರ್ತೆ ಡೋರಿಸ್ ಗಿಲ್ಲರ್ ನೆನಪಿಗೆ 1994ರಲ್ಲಿ ಶುರು ಮಾಡಿದ್ದು, ಆಗ 25,000 ಡಾಲರು. ಮೊದಲ ವರ್ಷ ಗೆದ್ದವರು ಎಂ.ಜಿ. ವಾಸಂಜಿ, ಪೂರ್ವ ಆಫ್ರಿಕಾದಲ್ಲಿ ಬೆಳೆದ ಭಾರತೀಯ ಮೂಲದವರು, ಎರಡನೇ ವರ್ಷ ಮಿಸ್ತ್ರಿ. ಮೊದಲೆರಡೂ ವರ್ಷ ಕೆನಡಾದ ಅತಿ ಗ್ಲಾಮರಸ್ ಸಾಹಿತ್ಯ ಪ್ರಶಸ್ತಿ ನಮ್ಮ ಕಡೆ ಮೂಲದವರಿಗೇ ಹೋಯ್ತು ಅಂದ್ರೆ ಆ ದೇಶದ ಸಾಹಿತ್ಯ ಯಾವ ದಿಕ್ಕಿಗೆ ತಿರುಗ್ತಿತ್ತು ನೋಡಿ. ಬುಕರ್ ಮಾತ್ರ ಮತ್ತೆ ತಪ್ಪಿ 1996ರಲ್ಲಿ ಗ್ರಹಾಂ ಸ್ವಿಫ್ಟಿಗೆ ಹೋಯ್ತು. (ಆಗ ಬುಕರ್ ಕಾಮನ್‌ವೆಲ್ತ್ ದೇಶದವರಿಗೆ, ಐರ್ಲೆಂಡಿನವರಿಗೆ ಮಾತ್ರ ಅನ್ನೋ ಥರ ಇತ್ತು, ಅಮೆರಿಕನ್ನರಿಗೆ ಬಾಗಿಲು ತೆಗೆದಿದ್ದು 2014ರಿಂದ. ಅದಕ್ಕೇ ಕೆನಡಾದವರು ಅಲ್ಲಿ ಅಷ್ಟು ಕಾಣಿಸ್ತಿದ್ರು.)

ಆ ವರ್ಷ ಒಂದು ಜಗಳನೂ ಆಯ್ತು. ಜರ್ಮೇನ್ ಗ್ರೀರ್, ಅದೇ ದೊಡ್ಡ ಫೆಮಿನಿಸ್ಟ್ ಲೇಖಕಿ, ಬ್ರಿಟಿಷ್ ಟೀವಿಯಲ್ಲಿ ಕೂತು ಈ ಪುಸ್ತಕ ನಂಗೆ ಒಂಚೂರೂ ಹಿಡಿಸ್ಲಿಲ್ಲ, ನಾನು ಬಾಂಬೇಲಿ ನಾಲ್ಕು ತಿಂಗಳು ಇದ್ದೆ, ಇದು ನಾನು ಕಂಡ ಊರಲ್ಲ, ಇದು ಭಾರತದ ಬಗ್ಗೆ ಒಂದು ಕೆನಡಾದ ಪುಸ್ತಕ ಅನ್ನೋ ಅರ್ಥದಲ್ಲಿ ಝಾಡಿಸಿದ್ರು. ನಾಲ್ಕು ತಿಂಗಳು ಇದ್ದವರು ಇಪ್ಪತ್ಮೂರು ವರ್ಷ ಇದ್ದವರಿಗೆ ಊರು ಗೊತ್ತಿಲ್ಲ ಅಂದಿದ್ದು ತಮಾಷೆನೇ, ಮಿಸ್ತ್ರಿಗೂ ಸಿಟ್ಟು ಬಂತು. ಆದ್ರೆ ಆ ಮಾತಲ್ಲಿ ಒಂದು ಮುಳ್ಳು ಇದೆ ಅನ್ನೋದನ್ನ ಒಪ್ಕೋಬೇಕು. ಮಿಸ್ತ್ರಿಯ ಬಾಂಬೆ ಒಂದು ಕಾಲದಲ್ಲಿ ನಿಂತುಬಿಟ್ಟ ಬಾಂಬೆ, ಎಪ್ಪತ್ತರ ದಶಕದ್ದು, ಹೊರಗೆ ಹೋದವರ ನೆನಪಲ್ಲಿ ಊರು ಹೇಗೆ ಹೆಪ್ಪುಗಟ್ಟುತ್ತೋ ಹಾಗೆ. ನ್ಯೂಜೆರ್ಸಿಯಲ್ಲಿರೋ ನಮ್ಮ ಮಾವಂದಿರು ಈಗಲೂ ಮೆಜೆಸ್ಟಿಕ್ ಅಂದ್ರೆ ಥಿಯೇಟರುಗಳ ಸಾಲು ಅಂತಲೇ ಮಾತಾಡ್ತಾರಲ್ಲ, ಹಾಗೆ. ವ್ಯತ್ಯಾಸ ಏನಂದ್ರೆ ಮಿಸ್ತ್ರಿಗೆ ಆ ಹೆಪ್ಪುಗಟ್ಟಿದ ಊರಿನ ಒಂದೊಂದು ಕೊಳಾಯಿಯ ಸದ್ದೂ ನೆನಪಿದೆ, ಜೊತೆಗೆ ಆ ಊರಿನ ಮೇಲೆ ಸಿಟ್ಟೂ ಇದೆ, ಬರೀ ಹಂಬಲ ಅಲ್ಲ.

ಐದು ವರ್ಷ ಬಿಟ್ಟು 2001ರ ಕೊನೆಗೆ ಓಪ್ರಾ ವಿನ್‌ಫ್ರೀ ತಮ್ಮ ಟೀವಿ ಬುಕ್ ಕ್ಲಬ್ಬಿಗೆ ಎ ಫೈನ್ ಬ್ಯಾಲೆನ್ಸ್ ಆರಿಸಿದ್ರು, ಅಮೆರಿಕದ ಮನೆಮನೆಗೂ ಈ ದರ್ಜಿಗಳು ತಲುಪಿದ್ರು. ಮರುವರ್ಷ ಫ್ಯಾಮಿಲಿ ಮ್ಯಾಟರ್ಸ್ ಬಂತು, ಅದರ ಪ್ರಚಾರಕ್ಕೆ ಅಂತ ಅಮೆರಿಕ ಟೂರ್ ಹೊರಟ ಮಿಸ್ತ್ರಿ ಅರ್ಧಕ್ಕೇ ನಿಲ್ಲಿಸಿ ವಾಪಸ್ ಬಂದ್ರು. ಯಾಕೆ? 2001ರ ಸೆಪ್ಟೆಂಬರ್ 11ರ ನಂತರದ ಕಾಲ, ಗಡ್ಡ, ಕಂದು ಮೈಬಣ್ಣ, ಪ್ರತಿ ಏರ್‌ಪೋರ್ಟಲ್ಲೂ ಇವರನ್ನ ಹೆಂಡತಿ ಸಮೇತ ಪಕ್ಕಕ್ಕೆ ಕರೆದು ತಪಾಸಣೆ. ಅವಮಾನ ತಡೆಯೋಕಾಗ್ತಿಲ್ಲ ಅಂತ ಬಿಟ್ಟರು. ಒಂದು ವರ್ಷದ ಹಿಂದೆ ಓಪ್ರಾ ತಲೆ ಮೇಲೆ ಹೊತ್ತ ಲೇಖಕ ಅವರೇ!

ಫ್ಯಾಮಿಲಿ ಮ್ಯಾಟರ್ಸ್ ನಂಗೆ ಮೂರರಲ್ಲಿ ತುಂಬಾ ಹತ್ತಿರದ್ದು, ಹಿಂದಿನ ಎರಡರಷ್ಟು ದೊಡ್ಡ ಗದ್ದಲ ಇಲ್ಲ. ನರೀಮನ್ ವಕೀಲ್ ಅನ್ನೋ ರಿಟೈರ್ಡ್ ಪ್ರೊಫೆಸರು, ಪಾರ್ಕಿನ್ಸನ್ ಕಾಯಿಲೆ, ಬಿದ್ದು ಕಾಲು ಮುರ್ಕೊಂಡಾಗ ದೊಡ್ಡ ಫ್ಲಾಟಲ್ಲಿರೋ ಮಲಮಕ್ಕಳು ಅವರನ್ನ ಎರಡು ರೂಮಿನ ಮನೆಯಲ್ಲಿರೋ ಮಗಳು ರೊಕ್ಸಾನಾ ಮನೆಗೆ ಸಾಗಹಾಕ್ತಾರೆ. ಬೆಡ್‌ಪ್ಯಾನು, ವಾಸನೆ, ಔಷಧದ ಖರ್ಚು, ಅಳಿಯನ ಮುಖ ಸಿಂಡರಿಸೋದು. ಮನೇಲಿ ವಯಸ್ಸಾದವರನ್ನ ನೋಡ್ಕೊಂಡವರಿಗೆ ಇದ್ರಲ್ಲಿ ಒಂದು ಸಾಲೂ ಹೊಸದಲ್ಲ, ಅದೇ ಇದರ ಬಲ. ಅಳಿಯ ಯೆಜಾದ್ ಒಂದು ಕಾಲದಲ್ಲಿ ಕೆನಡಾಗೆ ಅರ್ಜಿ ಹಾಕಿ ಇಂಟರ್ವ್ಯೂನಲ್ಲಿ ಅವಮಾನ ಮಾಡಿಸ್ಕೊಂಡು ಬಂದವನು. ಅಂದ್ರೆ ಮಿಸ್ತ್ರಿ ತನಗೆ ತೆರೆದ ಬಾಗಿಲನ್ನ ತನ್ನ ಪಾತ್ರಕ್ಕೆ ಮುಚ್ಚಿದ್ರು, ಕೆನಡಾ ಸಿಗದೇ ಬಾಂಬೇಲೇ ಉಳಿದಿದ್ರೆ ನಾನು ಏನಾಗಿರ್ತಿದ್ದೆ ಅಂತ ಕೇಳ್ಕೊಂಡ ಹಾಗೆ ಕೇಳಿಸುತ್ತೆ ನಂಗೆ. ಇದೂ ಬುಕರ್ ಶಾರ್ಟ್‌ಲಿಸ್ಟು. ಆ ವರ್ಷ ಆರರಲ್ಲಿ ಮೂರು ಜನ ಕೆನಡಾದವರೇ, ಮಿಸ್ತ್ರಿ, ಕ್ಯಾರಲ್ ಶೀಲ್ಡ್ಸ್, ಯಾನ್ ಮಾರ್ಟೆಲ್. ಗೆದ್ದಿದ್ದು ಮಾರ್ಟೆಲ್, ಪಾಂಡಿಚೇರಿಯ ಹುಡುಗನೊಬ್ಬನ ಕಥೆಗೆ! ಭಾರತದ ಕಥೆ ಹೇಳಿದ ಕೆನಡಾದವರು ಇಬ್ಬರು, ಭಾರತದಲ್ಲಿ ಹುಟ್ಟಿದವರಿಗೆ ಸಿಗಲಿಲ್ಲ.

2010ರಲ್ಲಿ ಹಳೇ ಊರು ಇದ್ದಕ್ಕಿದ್ದಂಗೆ ಇವರನ್ನ ನೆನಪು ಮಾಡ್ಕೊಳ್ತು, ಆದ್ರೆ ಬೆಂಕಿ ಹಚ್ಚೋಕೆ. ಮುಂಬೈ ಯೂನಿವರ್ಸಿಟಿಯ ಬಿಎ ಸಿಲಬಸ್ಸಲ್ಲಿ ಸಚ್ ಎ ಲಾಂಗ್ ಜರ್ನಿ ಇತ್ತು. ಅದ್ರಲ್ಲಿ ಪಾತ್ರಗಳು ಶಿವಸೇನೆ ಬಗ್ಗೆ, ಅದರ ನಾಯಕನ ಬಗ್ಗೆ ಕೆಟ್ಟದಾಗಿ ಮಾತಾಡ್ತವೆ, ಮರಾಠಿಗರಿಗೆ ಅವಮಾನ ಅಂತ ಸೇನೆಯ ವಿದ್ಯಾರ್ಥಿ ಘಟಕದವರು ಯೂನಿವರ್ಸಿಟಿ ಗೇಟಲ್ಲಿ ಪುಸ್ತಕ ಸುಟ್ಟರು, ಕುಲಪತಿಗಳು ತಮ್ಮ ವಿಶೇಷ ಅಧಿಕಾರ ಬಳಸಿ ಪುಸ್ತಕ ವಾಪಸ್ ತಗೊಂಡ್ರು. ಮುಂದೆ ನಿಂತಿದ್ದು ಆದಿತ್ಯ ಠಾಕ್ರೆ, ಶಿವಸೇನೆ ಕಟ್ಟಿದ ಬಾಳ್ ಠಾಕ್ರೆಯ ಮೊಮ್ಮಗ, ಆಗ ಇಪ್ಪತ್ತು ವರ್ಷ, ಸೇಂಟ್ ಝೇವಿಯರ್ಸ್ ಕಾಲೇಜಲ್ಲಿ ಬಿಎ ಕೊನೇ ವರ್ಷ. ಅದೇ ಮಿಸ್ತ್ರಿ ಓದಿದ ಕಾಲೇಜು. ಮಿಸ್ತ್ರಿ ಸಾಮಾನ್ಯವಾಗಿ ಮಾತೇ ಆಡದವರು, ಇಂಟರ್ವ್ಯೂ ಅಂದ್ರೆ ದೂರ. ಈ ಸಲ ಟೊರಾಂಟೋ ಕಡೆಯಿಂದ ಒಂದು ಹೇಳಿಕೆ ಕಳಿಸಿದ್ರು. ಆ ಹುಡುಗನ ಬಗ್ಗೆ ಬೈಗುಳ ಇಲ್ಲ, ನನ್ನದೇ ಕಾಲೇಜಿನ ವಿದ್ಯಾರ್ಥಿ, ಒಳ್ಳೇ ಓದು ಸಿಕ್ಕಿದೆ, ತಾನೇ ಯೋಚನೆ ಮಾಡಿ ಬೇರೆ ದಾರಿ ಹಿಡಿಯೋಕೆ ಅವನಿಗೆ ಇನ್ನೂ ಅವಕಾಶ ಇದೆ, ಪುಸ್ತಕ ಸುಡೋದ್ರಿಂದ ಒಬ್ಬ ಹಸಿದವನ ಹೊಟ್ಟೆನೂ ತುಂಬಲ್ಲ ಅನ್ನೋ ಧಾಟಿ. ಮೇಷ್ಟ್ರು ಪೇಪರ್ ತಿದ್ದಿ ಕೊಟ್ಟ ಹಾಗೆ.

ಆಮೇಲೆ 2012ರಲ್ಲಿ ನೊಯ್‌ಸ್ಟಾಟ್ ಪ್ರೈಜ್, ಅದು ಒಕ್ಲಹೋಮ ಯೂನಿವರ್ಸಿಟಿ ಕಡೆಯಿಂದ, ಒಂದು ಪುಸ್ತಕಕ್ಕಲ್ಲ, ಇಡೀ ಜೀವನದ ಬರವಣಿಗೆಗೆ ಕೊಡೋದು. 2015ರಲ್ಲಿ ಆರ್ಡರ್ ಆಫ್ ಕೆನಡಾ. ಕಾದಂಬರಿ ಮಾತ್ರ 2002ರ ಆಮೇಲೆ ಬಂದಿಲ್ಲ. ಲಿಟ್ರರಿ ಫೆಸ್ಟಿವಲ್ಲು, ಟ್ವಿಟ್ಟರ್ ಜಗಳ, ಯಾವುದ್ರಲ್ಲೂ ಅವರು ಕಾಣ್ಸಲ್ಲ, ಈ ಕಾಲದಲ್ಲಿ ಅದೂ ಒಂದು ಸಾಧನೆನೇ ಅನ್ಸುತ್ತೆ.

ಇಲ್ಲಿವರೆಗೂ ಓದಿ, ಸರಿ ಶುರು ಎಲ್ಲಿಂದ ಮಾಡ್ಲಿ ಅನ್ನೋರಿಗೆ: 600 ಪುಟಕ್ಕೆ ಮೊದಲೇ ಕೈ ಹಾಕ್ಬೇಡಿ, ಫಿರೋಜ್‌ಶಾ ಬಾಗ್ ತಗೊಳ್ಳಿ. ಅದರ ಕೊನೇ ಕಥೆ ಸ್ವಿಮ್ಮಿಂಗ್ ಲೆಸನ್ಸ್. ಕೆರ್ಸಿ ಅನ್ನೋ ಹುಡುಗ ಟೊರಾಂಟೋದ ಅಪಾರ್ಟ್‌ಮೆಂಟಲ್ಲಿ ಇದ್ದಾನೆ, ಚೌಪಾಟಿಯ ಸಮುದ್ರದಲ್ಲೂ ಈಜು ಕಲೀಲಿಲ್ಲ, ಇಲ್ಲಿನ ಪೂಲಲ್ಲೂ ಕಲಿಯೋಕಾಗ್ತಿಲ್ಲ. ಬಾಂಬೆಗೆ ಅಪ್ಪ ಅಮ್ಮನಿಗೆ ಎರಡು ಸಾಲಿನ ಕಾಗದ ಬರೀತಿದ್ದವನು ಒಂದಿನ ದೊಡ್ಡ ಪಾರ್ಸೆಲ್ ಕಳಿಸ್ತಾನೆ, ಬಿಚ್ಚಿದ್ರೆ ಅವನು ಬರೆದ ಕಥೆಗಳು, ನಾವು ಇಷ್ಟೊತ್ತು ಓದಿದ್ದೇ ಆ ಕಥೆಗಳು. ಅಪ್ಪ ಅಮ್ಮ ಒಂದೊಂದೇ ಓದ್ತಾರೆ, ಎಲ್ಲ ನಮ್ಮ ವಠಾರದ್ದೇ, ಕೆನಡಾದ್ದು ಯಾಕೆ ಬರೆದಿಲ್ಲ, ಅಲ್ಲಿ ಸುಖವಾಗಿಲ್ವಾ ಅಂತ ಅಮ್ಮನಿಗೆ ಚಿಂತೆ. ಅಪ್ಪ ಬುದ್ಧಿವಂತ, ಬರೆಯೋಕೆ ಸ್ವಲ್ಪ ದೂರ ಹೋಗ್ಬೇಕು ಕಣೆ ಅಂತ ವಿವರಿಸ್ತಾನೆ. ಆಮೇಲೆ ಇನ್ನೊಂದು ಮಾತು ಸೇರಿಸ್ತಾನೆ, ಅಲ್ಲಿಯವರಿಗೆ ಇದು ಹೊಸ ಕಣ್ಣು, ಅದಕ್ಕೇ ಇಷ್ಟಪಡ್ತಾರೆ, ಒಂದೇ ಅಪಾಯ, ಅವನೂ ಪೂರ್ತಿ ಅವರ ಥರಾನೇ ಆಗಿಬಿಟ್ರೆ ಆ ವ್ಯತ್ಯಾಸ ಹೊರಟುಹೋಗುತ್ತೆ ಅಂತ.

ಜರ್ಮೇನ್ ಗ್ರೀರ್ ಟೀವಿಯಲ್ಲಿ ಬೈಯ್ಯೋಕೆ ಒಂಬತ್ತು ವರ್ಷ ಮುಂಚೆ, ಗಿಲ್ಲರ್ ಪ್ರೈಜ್ ಹುಟ್ಟೋಕೆ ಏಳು ವರ್ಷ ಮುಂಚೆ, ಈ ಇಡೀ ಚರ್ಚೆನ ಬಾಂಬೆಯ ಒಂದು ಮನೆಯ ಮುದುಕ ಮುದುಕಿ ಮಾಡಿ ಮುಗಿಸಿದ್ರು. ಕೆರ್ಸಿಗೆ ಅದೇನೂ ಕೇಳಿಸಿಲ್ಲ, ಅವನು ಟೊರಾಂಟೋದ ಬಾತ್‌ಟಬ್ಬಲ್ಲಿ ನೀರು ತುಂಬಿ, ತಲೆ ಮುಳುಗಿಸಿ, ನೀರೊಳಗೆ ಕಣ್ಣು ಬಿಡೋದನ್ನ ಪ್ರಾಕ್ಟೀಸ್ ಮಾಡ್ತಿದ್ದಾನೆ.